ಹುಣ್ಣಿಮೆಯ ಶರ್ಟುಗಳು

ಹುಣ್ಣಿಮೆ ಹತ್ತಿರ ಬಂತೆಂದರೆ ಆ ಮನೆಯ ಸೊಸೆಗೆ ಇಸ್ತ್ರಿ ಕೆಲಸ ಹೆಚ್ಚು. ಹಗಲಿಡೀ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಂಡವರ ಕೋಟು ಪ್ಯಾಂಟುಗಳಿಗೆ ಹಬೆ ಹಿಡಿದು ನಿಂತವಳು ಸಂಜೆ ಮನೆಗೆ ಬಂದು ಮತ್ತೆ ಇಸ್ತ್ರಿಪೆಟ್ಟಿಗೆಯ ಮುಂದೆಯೇ ನಿಲ್ಲಬೇಕು. ಈ ಸಲ ಮಾವನ ಶರ್ಟುಗಳಿಗೆ. ನೀಲಿಯದು ಯುದ್ಧಕ್ಕೆ, ಹಸಿರು ನೀರಿನ ಗಂಡಾಂತರಕ್ಕೆ, ಕೆಂಪು ಗೆರೆಯದು ಬೆಂಕಿಗೆ, ಬೂದು ಬಣ್ಣದ್ದು ಭೂಮಿಯೊಳಗಿನ ಅನಾಹುತಕ್ಕೆ, ಹಳದಿ ಷೇರುಪೇಟೆ ಕುಸಿದರೆ ಇರಲಿ ಎಂದು. ದೊಡ್ಡ ಮನುಷ್ಯರು ಯಾರಾದರೂ ಸತ್ತರೆ ಬೇಕಾಗುತ್ತದೆಂದು ಒಂದು ನೇರಳೆ ಬಣ್ಣದ್ದೂ ಇತ್ತು. ಪ್ರಪಂಚಕ್ಕೆ ಬರಬಹುದಾದ ಕೇಡುಗಳೆಲ್ಲ ಅವಳ ಕೈಯಲ್ಲಿ ಗರಿಗರಿಯಾಗಿ ಹ್ಯಾಂಗರಿಗೆ ಏರುತ್ತಿದ್ದವು.

ಮಾವ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಜನ ಫೋನಿನಲ್ಲೇ ಗಂಟೆ ನೋಡತೊಡಗಿದ ಮೇಲೆ ಅಂಗಡಿ ಮುಚ್ಚಿತು. ರಿಪೇರಿಗೆ ಕೊಟ್ಟವರು ವಾಪಸ್ ಒಯ್ಯಲು ಬಾರದೇ ಉಳಿದ ಒಂದು ಆಳೆತ್ತರದ ಗಡಿಯಾರ ಮಾತ್ರ ಮನೆಗೆ ಬಂತು. ಅದರ ಮುಖದ ಮೇಲೆ ಚಂದ್ರನ ಒಂದು ತಟ್ಟೆ; ದಿನ ಕಳೆದಂತೆ ಚಂದ್ರ ಬೆಳೆದು ಕರಗುವುದು ಕಾಣುತ್ತಿತ್ತು. ಮಾವ ಆ ತಟ್ಟೆಯನ್ನು ಬೆರಳಿನಿಂದ ತಿರುಗಿಸಿ ಪೂರ್ಣಚಂದ್ರನಿಗೆ ನಿಲ್ಲಿಸಿಬಿಟ್ಟರು. ಅದರ ಮುಂದೆ ಕುರ್ಚಿ ಹಾಕಿಕೊಂಡು, ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಮಗನ ಕೈಗೆ ಕ್ಯಾಮೆರಾ ಕೊಟ್ಟು, ಈ ಹುಣ್ಣಿಮೆಯಿಂದ ಮುಂದಿನ ಹುಣ್ಣಿಮೆಯವರೆಗೆ ಲೋಕದಲ್ಲಿ ಏನಾಗುತ್ತದೆ ಎಂದು ಹೇಳತೊಡಗಿದರು. ಚಂದ್ರ ಯಾವ ರಾಶಿಯಲ್ಲಿ ತುಂಬಿದ್ದಾನೆ, ಅವನ ಮೇಲೆ ಕುಜನ ದೃಷ್ಟಿಯಿದೆಯೋ ಶನಿಯ ದೃಷ್ಟಿಯಿದೆಯೋ, ಅದರಿಂದ ಯಾವ ದಿಕ್ಕಿನ ದೇಶ ನಡುಗುತ್ತದೆ, ಇದೇ ಮಾತು.

ಮೊದಮೊದಲು ತಿಂಗಳಿಗೆ ಒಂದೇ ಭವಿಷ್ಯ ಹೇಳುತ್ತಿದ್ದರು. ಒಂದೂ ನಿಜವಾಗಲಿಲ್ಲ, ನೋಡುವವರೂ ಇರಲಿಲ್ಲ. ಆಮೇಲೆ ಹಳೆಯ ಕಸುಬಿನ ಬುದ್ಧಿ ಕೈಗೆ ಬಂತು. "ನನ್ನ ಅಂಗಡೀಲಿ ಒಂದು ಡಬ್ಬಿ ಇತ್ತು. ಎಲ್ಲಾ ಅಳತೆಯ ಸ್ಪ್ರಿಂಗೂ ಅದರಲ್ಲಿರ್ತಿತ್ತು. ಯಾವುದು ಹೊಂದುತ್ತೋ ಅದನ್ನ ಹಾಕೋದು," ಎಂದರು ಮಗನಿಗೆ. ಅಂದಿನಿಂದ ಒಂದೇ ಮಧ್ಯಾಹ್ನ ಅಷ್ಟೂ ಶರ್ಟು ಬದಲಿಸಿ ಅಷ್ಟೂ ಭವಿಷ್ಯ ಹೇಳಿ ಮುಗಿಸುವುದು, ಮಗ ಎಲ್ಲವನ್ನೂ ಹುಣ್ಣಿಮೆಯ ದಿನವೇ ಇಂಟರ್ನೆಟ್ಟಿನ ಚಾನೆಲ್ಲಿಗೆ ಏರಿಸಿ ಯಾರಿಗೂ ಕಾಣದಂತೆ ಬೀಗ ಹಾಕಿಡುವುದು, ಜಗತ್ತಿನಲ್ಲಿ ಏನಾದರೂ ಆದ ದಿನ ಅದಕ್ಕೆ ಹೊಂದುವ ಶರ್ಟಿನ ಬೀಗ ತೆಗೆಯುವುದು. ನೋಡಿದವರಿಗೆ ಹುಣ್ಣಿಮೆಯ ತಾರೀಖು ಕಾಣುತ್ತಿತ್ತು. ಅಬ್ಬಾ, ಮೊದಲೇ ಹೇಳಿದ್ದರಲ್ಲ ಎಂದು ಕೈ ಮುಗಿಯುತ್ತಿದ್ದರು. ಬೀದಿಯವರು ಗಡಿಯಾರದವರು ಎನ್ನುತ್ತಿದ್ದವರು ಗುರುಗಳು ಎನ್ನತೊಡಗಿದರು.

ಸೊಸೆಗೆ ಇದು ಮೊದಲು ನಗೆಯ ವಿಷಯವಾಗಿತ್ತು. ಅಸಹ್ಯವಾದದ್ದು ಊಟದ ಹೊತ್ತಿನಿಂದ.

ಒಂದು ದಿನ ಎಲ್ಲೋ ದೂರದ ಸಮುದ್ರದಲ್ಲಿ ಪ್ರಯಾಣಿಕರ ಹಡಗೊಂದು ಮುಳುಗಿತು. ಹಸಿರು ಶರ್ಟಿನ ಬೀಗ ತೆಗೆದರು. ರಾತ್ರಿ ಊಟಕ್ಕೆ ಹುರಿದ ಮೀನಿತ್ತು. ಮಾವ ಫೋನನ್ನು ನೀರಿನ ಲೋಟಕ್ಕೆ ಒರಗಿಸಿಟ್ಟುಕೊಂಡು, ನೋಡುವವರ ಸಂಖ್ಯೆ ಏರುವುದನ್ನೇ ನೋಡುತ್ತ ಮೀನಿನ ತಲೆ ಚೀಪುತ್ತಿದ್ದರು.

"ಇನ್ನೂ ಹೆಣ ತೆಗೀತಾನೇ ಇದಾರಂತೆ," ಎಂದರು, ಹಬೆಯಾಡುವ ಅನ್ನವನ್ನು ಎಡಗಡೆಯಿಂದ ಬಲಗಡೆಗೆ ಎಳೆದುಕೊಳ್ಳುತ್ತ. "ನಾನು ಹೇಳಿರಲಿಲ್ವಾ? ಚಂದ್ರ ಜಲರಾಶೀಲಿದ್ದ. ಇನ್ನೊಂದು ತುಂಡು ಹಾಕು."

"ಮಾವ, ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಏನು ಸಂಬಂಧ?" ಎಂದಳು ಸೊಸೆ. "ಅದೂ ನಿಮ್ಮದು ಒಂದು ಕಾಗೆ ಅಲ್ಲ. ಕೊಂಬೆಗೊಂದು ಕಾಗೆ ಕೂರಿಸಿ ಕಾಯ್ತಿದೀರಿ."

ಗಂಡ ತಲೆ ಎತ್ತದೆ, "ಕಂಬಳೀಲಿ ಕೂತು ಉಂಡು ಕೂದಲು ಆರಿಸಬೇಡ," ಎಂದ. "ಈ ಮನೆ ಬಾಡಿಗೆ ನಿನ್ನ ಇಸ್ತ್ರಿಯಿಂದ ಬರ್ತಿಲ್ಲ, ನನ್ನ ಸ್ಟುಡಿಯೋದಿಂದಲೂ ಬರ್ತಿಲ್ಲ."

"ಚಂದ್ರ ಸುಳ್ಳು ಹೇಳಲ್ಲಮ್ಮ," ಎಂದರು ಮಾವ, ಕೋಪವಿಲ್ಲದೆ. ಬೆರಳು ಬಾಯಿಗೆ ಹಾಕಿ ಹಲ್ಲಿನ ಸಂದಿಯಿಂದ ಒಂದು ಮುಳ್ಳು ತೆಗೆದು ತಟ್ಟೆಯಂಚಿಗೆ ಒರೆಸಿದರು. "ಓದೋ ನಾವು ತಪ್ಪಬಹುದು. ಅದಕ್ಕೇ ಎಲ್ಲಾ ಓದೂ ಇಟ್ಕೊಂಡಿರೋದು."

ಅತ್ತೆ ಇನ್ನೊಂದು ತುಂಡು ಹಾಕಿದಳು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಹೆಂಗಸು ಆಕೆ. ಕೇಳಿದವರಿಗೆ ಕೇಳಿದ್ದನ್ನು ಬಡಿಸಿ, ಉಳಿದದ್ದನ್ನು ತಾನುಂಡು ಏಳುವವಳು. ಅಂದು ಉಳಿದದ್ದು ಬಾಲದ ತುಂಡು.

ಕೆಲವು ತಿಂಗಳ ಮೇಲೆ ಹುಣ್ಣಿಮೆ ವೃಶ್ಚಿಕದಲ್ಲಿ ಬಂತು. ಅಲ್ಲಿ ಚಂದ್ರ ನೀಚ, ಇದು ಸಾಮಾನ್ಯ ಹುಣ್ಣಿಮೆಯಲ್ಲ ಎಂದು ಮಾವ ಅತ್ತಿಂದಿತ್ತ ಓಡಾಡಿದರು. ಅದಾಗಿ ಒಂದು ವಾರವೂ ಆಗಿರಲಿಲ್ಲ, ಬೆಳಿಗ್ಗೆ ಸೊಸೆ ಡಬ್ಬಿಗೆ ಬ್ರೆಡ್ಡು ತುಂಬಿಕೊಳ್ಳುತ್ತಿದ್ದಾಗ ಫೋನು ಬಂತು. ಅವಳ ತಮ್ಮ ಬೆಟ್ಟ ಕೊರೆದು ರೈಲುದಾರಿಗೆ ಸುರಂಗ ಮಾಡುವ ಕಡೆ ಯಂತ್ರ ನಡೆಸುತ್ತಿದ್ದ. ಸುರಂಗ ಕುಸಿದಿದೆ, ಆ ಪಾಳಿಯವರೆಲ್ಲ ಒಳಗಿದ್ದಾರೆ, ಇನ್ನೂ ಏನೂ ಗೊತ್ತಾಗಿಲ್ಲ ಎಂದ ಕಂಪನಿಯವನು.

ಅವಳು ಅಲ್ಲೇ ಅಡಿಗೆಮನೆಯ ನೆಲದ ಮೇಲೆ ಕುಸಿದು ಕೂತಳು. ಅತ್ತೆ ನೀರು ತಂದಳು. ಗಂಡ ಬೆನ್ನ ಮೇಲೆ ಕೈಯಿಟ್ಟ. ಮಾವ ಬಾಗಿಲಲ್ಲಿ ನಿಂತು, "ಅಯ್ಯೋ ಪಾಪ," ಎಂದರು. ನಿಜವಾಗಿಯೇ ಅಂದರು, ಮುಖ ಬಾಡಿತ್ತು. ಆ ಮಾತಿನ ಬಾಲ ಹಿಡಿದೇ ಮಗನ ಕಡೆ ತಿರುಗಿ, "ಬೂದು ಶರ್ಟಿಂದು ತೆಗಿ," ಎಂದರು. "ಬೇಗ. ಟೀವೀಲಿ ಬರೋಕೆ ಮುಂಚೆ."

ಗಂಡನ ಕೈ ಬೆನ್ನ ಮೇಲಿಂದ ಎದ್ದು ಜೇಬಿನ ಫೋನಿಗೆ ಹೋದದ್ದು ಅವಳಿಗೆ ಬಟ್ಟೆಯ ಮೇಲೇ ತಿಳಿಯಿತು.

ಬೂದು ಶರ್ಟಿನ ಮಾವನನ್ನು ಹಿಂದೆಂದೂ ಇಲ್ಲದಷ್ಟು ಜನ ನೋಡಿದರು. ಮನೆಗೇ ಬರತೊಡಗಿದರು. ಮುಂಬಾಗಿಲಲ್ಲಿ ಚಪ್ಪಲಿಗಳ ರಾಶಿ. ಬಂದವರು ಚಂದ್ರನ ಗಡಿಯಾರದ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಗುರುಗಳ ಬೀಗರ ಮನೆಯ ಹುಡುಗನೇ ಒಳಗಿದ್ದಾನಂತೆ ಎಂದು ಪಿಸುಗುಟ್ಟಿ, ಸೊಸೆಯನ್ನು ಮೇಲಿಂದ ಕೆಳಗೆ ನೋಡಿ ಹೋಗುತ್ತಿದ್ದರು. ಆ ಸುದ್ದಿಯನ್ನು ಯಾರು ಹಂಚಿದರೆಂದು ಅವಳು ಕೇಳಲಿಲ್ಲ. ಬಂದವರಿಗೆಲ್ಲ ಟೀ ಮಾಡಿದಳು. ಮನೆ ಸುಡುವಾಗ ಗಳ ಹಿರಿಯುವವರ ಗಾದೆ ಕೇಳಿದ್ದಳು. ಗಳ ಹಿರಿಯುವವರಿಗೆ ಟೀ ಕಾಯಿಸಿಕೊಡುವವರ ಗಾದೆ ಯಾರೂ ಕಟ್ಟಿರಲಿಲ್ಲ.

ಸುರಂಗದ ಬಾಯಲ್ಲಿ ದೊಡ್ಡ ಯಂತ್ರ ತಂದು ಕೊರೆಯುತ್ತಿದ್ದರು. ಒಳಗಿನಿಂದ ಸದ್ದಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: ಗುರುಗಳೇ, ಬದುಕಿ ಬರುತ್ತಾರಾ?

ಮಾವ ಎರಡು ದಿನ ಪಂಚಾಂಗ ಹಿಡಿದು ಕೂತರು. ಮೂರನೆಯ ದಿನ ಸೊಸೆಯನ್ನು ಕರೆದು, "ಬಿಳೀದು ಒಂದು ಇಸ್ತ್ರಿ ಮಾಡಿಕೊಡಮ್ಮ. ಎಲ್ಲರೂ ಬರ್ತಾರೆ ಅಂತ ಹೇಳ್ತೀನಿ," ಎಂದರು.

ಅವಳು ನಂಬುವವಳಲ್ಲ. ಆದರೂ ಆ ಬಿಳಿ ಶರ್ಟಿಗೆ ಇಸ್ತ್ರಿ ಹಾಕುವಾಗ ಕಾಲರನ್ನು ಎರಡು ಸಲ ತೀಡಿದಳು, ಒಂದು ನಿರಿಗೆ ಉಳಿದರೆ ತಮ್ಮನಿಗೇ ಏನಾದರೂ ಆದೀತೆನ್ನುವ ಹಾಗೆ. ಮಾವ ಅದನ್ನು ತೊಟ್ಟು, ಗುರುವಿನ ಬಲ ತಿರುಗಿದೆ, ಭೂಮಿತಾಯಿ ಮಕ್ಕಳನ್ನು ಹೆತ್ತವರ ಮಡಿಲಿಗೆ ವಾಪಸ್ ಹಾಕುತ್ತಾಳೆ ಎಂದು ಹೇಳುವುದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿ ಅತ್ತಳು. ಆಮೇಲೆ ಕೆಲಸಕ್ಕೆ ಹೋದಳು.

ಸಂಜೆ ಒಗೆಯುವ ಬುಟ್ಟಿಗೆ ಕೈ ಹಾಕಿದಾಗ ಬಿಳಿ ಶರ್ಟಿನ ಕೆಳಗೆ ಕಂದು ಬಣ್ಣದ್ದೊಂದು ಸಿಕ್ಕಿತು. ಅದು ಅವಳು ಇಸ್ತ್ರಿ ಮಾಡಿದ್ದಲ್ಲ. ಕಂಕುಳಲ್ಲಿ ಇನ್ನೂ ಹಸಿಯಾಗಿತ್ತು, ಕಾಲರಿನಲ್ಲಿ ಮಾವನ ತಲೆಯೆಣ್ಣೆಯ ಕಮಟು ವಾಸನೆ. ತೋಳಿನ ಮಡಿಕೆ ವಾರೆಯಾಗಿತ್ತು. ಅದು ಅತ್ತೆಯ ಕೈ.

"ಇದ್ಯಾವುದು ಅತ್ತೆ?"

ಅತ್ತೆ ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತಲೇ ಇದ್ದಳು. "ನಿನ್ನ ಕೇಳಿದ್ರೆ ಜಗಳ ಆಗುತ್ತೆ ಅಂತ ನಾನೇ ಇಸ್ತ್ರಿ ಮಾಡ್ದೆ."

"ಇದನ್ನ ಹಾಕ್ಕೊಂಡು ಏನು ಹೇಳಿದ್ರು?"

ಸಿಪ್ಪೆ ಉದ್ದಕ್ಕೆ ಇಳಿಯಿತು. ಸೊಸೆಗೆ ಅದೇ ಉತ್ತರವಾಯಿತು. ಆ ಶರ್ಟನ್ನು ಮೀನಿನ ಕರುಳು ಎತ್ತಿ ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದು ಮುಂದಿನ ಕೋಣೆಗೆ ತಂದು ಮಾವನ ಕಾಲ ಬಳಿ ಹಾಕಿದಳು.

"ಯಾರೂ ಬರಲ್ಲ ಅಂತ ಹೇಳಿದೀರಿ, ಅಲ್ವಾ?"

"ಬೀಗ ಹಾಕಿದೆಯಮ್ಮ ಅದಕ್ಕೆ. ಯಾರಿಗೂ ಕಾಣಲ್ಲ," ಎಂದರು ಮಾವ. "ಬಿಳೀದೇ ತೆಗೆಯೋ ಹಾಗಾಗಲಿ ಅಂತ ನಾನೂ ಬೇಡ್ಕೊಳ್ತಿಲ್ವಾ?"

"ಬೆಳಿಗ್ಗೆ ಬದುಕ್ತಾರೆ ಅಂದ ಬಾಯಿ, ಶರ್ಟು ಬದಲಾಯಿಸಿ ಅದೇ ಕುರ್ಚೀಲಿ ಕೂತು ಸಾಯ್ತಾರೆ ಅಂತಲ್ಲ! ಅವನು ನನ್ನ ತಮ್ಮ. ಈ ಮನೇಲಿ ಉಂಡಿದಾನೆ. ನಿಮ್ಮ ಆ ಗಡಿಯಾರಾನ ಲಾರಿಯಿಂದ ಹೊತ್ತು ಇಳಿಸಿದ್ದು ಅವನೇ."

"ಅದಕ್ಕೇನೀಗ? ಪ್ರಪಂಚಕ್ಕೆಲ್ಲ ಒಂದು ನ್ಯಾಯ, ನಿನ್ನ ತಮ್ಮನಿಗೆ ಒಂದು ನ್ಯಾಯಾನಾ? ಬೇರೆಯವರ ತಮ್ಮಂದಿರು ಮುಳುಗಿದಾಗ ನೀನೂ ಇಸ್ತ್ರಿ ಮಾಡಿಕೊಟ್ಟಿದೀಯ."

ಆ ಮಾತು ನೇರ ಎದೆಗೆ ತಾಗಿತು, ಯಾಕೆಂದರೆ ಸುಳ್ಳಲ್ಲ. ಅವಳ ಅಸಹ್ಯ ಅಂದಿನಿಂದ ಅವರೊಬ್ಬರ ಮೇಲೆಯೇ ಉಳಿಯಲಿಲ್ಲ. ಸ್ವಲ್ಪ ತನ್ನ ಕೈಗೂ ಅಂಟಿತು.

ಗಂಡನನ್ನು ಹಿತ್ತಿಲಿಗೆ ಕರೆದು, "ಅದನ್ನ ಅಳಿಸು," ಎಂದಳು.

"ಅಳಿಸ್ತೀನಿ."

"ನನ್ನ ಮುಂದೆ ಅಳಿಸು."

"ಫೋನಲ್ಲಿ ಚಾರ್ಜಿಲ್ಲ ಕಣೇ. ಅಳಿಸ್ತೀನಿ ಅಂದ್ನಲ್ಲ, ಆಣೆ," ಎಂದ. ಅಪ್ಪನ ಹತ್ತಿರ ಹೋಗಿ ಏನೆಂದನೋ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಆ ಮನೆಯ ಗಂಡಸರ ರಕ್ತದಲ್ಲೇ ಇತ್ತು.

ಮತ್ತೆರಡು ದಿನ ಕಳೆದವು. ಸುರಂಗದ ಬಾಯಲ್ಲಿ ಕೊರೆಯುವ ಯಂತ್ರ ಇದ್ದಕ್ಕಿದ್ದಂತೆ ನಿಂತಿದೆ, ಅಧಿಕಾರಿಗಳು ಮಾತಾಡುತ್ತಿಲ್ಲ ಎಂದು ಟೀವಿಯವರು ತೋರಿಸಿದರು. ಮಾವ ಊಟದ ತಟ್ಟೆಯ ಮುಂದಿಂದ ಎದ್ದರು. "ಯಂತ್ರ ನಿಲ್ಲಿಸಿದಾರೆ ಅಂದ್ರೆ ಕೈಬಿಟ್ಟ ಹಾಗೇ. ಬೇರೆಯವರು ಹೇಳೋಕೆ ಮುಂಚೆ ನಮ್ಮದು ಹೋಗಬೇಕು," ಎಂದರು. ಆಗ ಸೊಸೆ ಮನೆಯಲ್ಲಿರಲಿಲ್ಲ. ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಯಾರದೋ ಮದುವೆಯ ಕೋಟಿಗೆ ಹಬೆ ಕೊಡುತ್ತಿದ್ದಳು.

ಗುಂಡಿ ಹೊಲಿಯುವವಳು ಪಕ್ಕಕ್ಕೆ ಬಂದು ಫೋನು ಹಿಡಿದಳು. "ಇವರು ನಿಮ್ಮ ಮಾವ ಅಲ್ವಾ?"

ಕಂದು ಶರ್ಟು. ವಾರೆ ಮಡಿಕೆಯ ತೋಳು. ಹಿಂದೆ ಬೆರಳಿನಿಂದ ತಿರುಗಿಸಿ ನಿಲ್ಲಿಸಿದ ಪೂರ್ಣಚಂದ್ರ. ಹೇಳಲು ಸಂಕಟವಾಗುತ್ತದೆ, ವೃಶ್ಚಿಕದ ಹುಣ್ಣಿಮೆ ಬಲಿ ಕೇಳದೆ ಬಿಡುವುದಿಲ್ಲ, ಆ ಮಕ್ಕಳಲ್ಲಿ ಒಬ್ಬರೂ ಬದುಕಿ ಬರುವುದಿಲ್ಲ ಎಂದು ಮಾವ ಕಣ್ಣೊರೆಸಿಕೊಂಡರು. ಕಣ್ಣಲ್ಲಿ ನೀರಿರಲಿಲ್ಲ. ಅವಳು ಇಸ್ತ್ರಿಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟು, ಸ್ವಿಚ್ಚು ಆರಿಸಿ, ಬಚ್ಚಲಿಗೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದು, ಅಮ್ಮನ ಊರಿನ ಬಸ್ಸು ಹತ್ತಿದಳು.

ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಒಲೆ ತಣ್ಣಗಿತ್ತು. ತಮ್ಮನ ಬಟ್ಟೆಯ ಕಪಾಟಿನ ಬಾಗಿಲು ತೆರೆದೇ ಇತ್ತು. ಒಳಗೆ ಹಲಗೆಗಳು ಮಾತ್ರ.

"ಬಟ್ಟೆ ಎಲ್ಲಮ್ಮ?"

"ಬಡವರಿಗೆ ಹಳೇ ಬಟ್ಟೆ ಒಯ್ಯೋರು ಬಂದಿದ್ರು. ಕೊಟ್ಬಿಟ್ಟೆ." ಅಮ್ಮನ ದನಿ ಸವೆದುಹೋಗಿತ್ತು. "ಇಟ್ಕೊಂಡು ನೋಡ್ತಾ ಕೂತ್ಕೊಳ್ಳೋಕೆ ನನ್ನ ಕೈಲಾಗಲಿಲ್ಲ."

"ಯಾರೋ ಹೇಳಿದ್ರು ಅಂತ—"

"ಯಾರೋ ಅಲ್ಲ, ಬೀಗರು. ಬೇರೆಯವರು ಹೇಳಿದ್ರೆ ನಾನು ನಂಬ್ತಿದ್ನಾ? ಸ್ವಂತದವರ ಮಗನ ವಿಷಯದಲ್ಲಿ ಯಾರಾದ್ರೂ ಸುಮ್ಮನೆ ನಾಲಿಗೆ ಆಡಿಸ್ತಾರಾ?"

ಸೊಸೆ ಅಮ್ಮನ ಪಕ್ಕ ಕೂತು ಶರ್ಟುಗಳ ಕಥೆಯೆಲ್ಲ ಹೇಳಿದಳು. ಡಬ್ಬಿಯ ಸ್ಪ್ರಿಂಗು, ಬೀಗ, ಬಿಳಿ, ಕಂದು. ಅಮ್ಮ ಕೇಳಿ, "ಬಾಯಿ ಮುಚ್ಚು. ಉಂಡ ಮನೆ ಜಂತೆ ಎಣಿಸಬಾರದು," ಎಂದಳು. ಮಗಳು ಗಂಜಿ ಮಾಡಿ ತಂದರೆ ಬಾಯಿ ತೆರೆಯಲಿಲ್ಲ. ಮಾರನೆಯ ದಿನವೂ ತೆರೆಯಲಿಲ್ಲ. ಚಮಚದಲ್ಲಿ ತುಟಿಗೆ ಹಿಡಿದ ನೀರು ಕೆನ್ನೆಯ ಮೇಲಿಳಿದು ದಿಂಬು ತೊಯ್ಯಿತು. ಮಗ ಹೋದನೆಂದು ತಾಯಿಯೂ ಹೊರಟಿದ್ದಳು. ಮಗಳ ಕಣ್ಣೆದುರೇ ಹೊರಟಿದ್ದಳು.

ಅಂದು ಮಧ್ಯಾಹ್ನ ಪಕ್ಕದ ಮನೆಯ ಹೆಂಗಸು ಚಪ್ಪಲಿಯೂ ಇಲ್ಲದೆ ಓಡಿ ಬಂದಳು. ಯಂತ್ರ ನಿಲ್ಲಿಸಿದ್ದು ಕೈಬಿಟ್ಟದ್ದಕ್ಕಲ್ಲ. ಒಳಗಿನಿಂದ ಕಬ್ಬಿಣ ಬಡಿಯುವ ಸದ್ದು ಕೇಳಿತೆಂದು, ಅದನ್ನು ಕಿವಿಗೊಟ್ಟು ಹಿಡಿಯಲು ನಿಲ್ಲಿಸಿದ್ದರಂತೆ. ಒಬ್ಬೊಬ್ಬರನ್ನೇ ಹೊರಗೆ ತರುತ್ತಿದ್ದಾರೆ. ಟೀವಿಯಲ್ಲಿ ಮಣ್ಣು ಮೆತ್ತಿದ ಮುಖಗಳು ಒಂದರ ಹಿಂದೊಂದು ಬಂದವು. ಕೊನೆಯಿಂದ ಎರಡನೆಯದು ತಮ್ಮನದು. ಅಮ್ಮನನ್ನು ಎತ್ತಿಕೊಂಡು ಹೋಗಿ ತೋರಿಸಿದರು. ಅವಳು ಪರದೆಯನ್ನು ಮುಟ್ಟಿ ನೋಡಿ, "ಇದು ಯಾವಾಗ ತೆಗೆದದ್ದು?" ಎಂದು ಕೇಳಿದಳು. ಈಗಲೇ ಎಂದರೂ ನಂಬಲಿಲ್ಲ. ಆಸ್ಪತ್ರೆಯಲ್ಲಿ ಮಗನ ಕೈ ಹಿಡಿದ ಮೇಲೆಯೇ ಅವಳ ಗಂಟಲಲ್ಲಿ ಒಂದು ತುತ್ತು ಇಳಿದದ್ದು.

ಎಲ್ಲರೂ ಬದುಕಿ ಬಂದರು. ಅದೇ ಸಂಜೆ ಕಂದು ಶರ್ಟು ಮಾಯವಾಗಿ ಬಿಳಿ ಶರ್ಟಿನ ಬೀಗ ತೆರೆಯಿತು. ತಾರೀಖು ಹಳೆಯದೇ. ಕಂದು ಶರ್ಟನ್ನು ನೋಡಿದ್ದವರು ಒಬ್ಬಿಬ್ಬರು ಕೇಳಿದರಂತೆ. ಉಳಿದವರು ಹೂಮಳೆಯಲ್ಲಿ ಅವರನ್ನು ಮುಳುಗಿಸಿದರು.

ಸೊಸೆ ಮನೆಗೆ ಬಂದಾಗ ಊಟದ ಹೊತ್ತು. ಮಾವ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು.

"ಬಾಮ್ಮ, ಬಾ. ನೋಡಿದ್ಯಾ, ಚಂದ್ರ ಕೈಬಿಡಲಿಲ್ಲ."

"ನಮ್ಮಮ್ಮ ನೋಡಿದ್ದು ಕಂದು ಶರ್ಟು," ಎಂದಳು. "ನೋಡಿ ಅನ್ನ ಬಿಟ್ಟಳು. ಮಗನ ಬಟ್ಟೆಯೆಲ್ಲ ದಾನ ಮಾಡಿದಳು."

ಮಾವ ಒಂದು ಗಳಿಗೆ ಅಗಿಯುವುದನ್ನು ನಿಲ್ಲಿಸಿದರು. "ಅಯ್ಯೋ. ಬೀಗಿತ್ತಿ ಅದನ್ನ ಯಾಕೆ ನೋಡೋಕೆ ಹೋದ್ರು?" ಆಮೇಲೆ, "ಹೋಗ್ಲಿ ಬಿಡು, ಅದನ್ನ ತೆಗೆದಾಯ್ತಲ್ಲ," ಎಂದು ಮತ್ತೆ ಅಗಿಯತೊಡಗಿದರು.

ಅವಳು ಗಂಡನ ಮುಖ ನೋಡಿದಳು. ಅವನು ಉಪ್ಪಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ. ಬೈಯಬೇಕೆಂದು ಬಸ್ಸಿನುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಬಾಯಿಗೆ ಬಂದು ಹುಳಿಯಾದವು. ಇವರಿಗೆ ಬೈದರೆ ಅದಕ್ಕೂ ಒಂದು ಶರ್ಟು ಹೊಂದಿಸುತ್ತಾರೆ ಎನ್ನಿಸಿತು. ಅಂದಿನಿಂದ ಆ ಮೇಜಿನಲ್ಲಿ ಅವಳು ಉಣ್ಣಲಿಲ್ಲ. ಅಡಿಗೆಮನೆಯಲ್ಲಿ ನಿಂತೇ ತಿಂದು ಕೆಲಸಕ್ಕೆ ಹೋದಳು.

ಧನು ರಾಶಿಯ ಹುಣ್ಣಿಮೆ ಹತ್ತಿರ ಬಂತು. ಅದರ ಹಿಂದಿನ ದಿನ ತಮ್ಮನನ್ನು ಆಸ್ಪತ್ರೆಯಿಂದ ಬಿಟ್ಟರು. ಅಮ್ಮನ ಮನೆಗೆ ಹೋಗುವ ಬಸ್ಸು ಮಧ್ಯಾಹ್ನದ ಮೇಲೆ ಇದ್ದುದರಿಂದ ಅಕ್ಕನ ಮನೆಗೇ ಬಂದ. ಮೈಮೇಲೆ ಆಸ್ಪತ್ರೆಯವರು ಕೊಟ್ಟ ಸಡಿಲ ಅಂಗಿ, ಬೆನ್ನಿಗೆ ಕಟ್ಟುವ ದಾರವೊಂದು ಹರಿದಿತ್ತು. "ಅಮ್ಮ ನನ್ನ ಬಟ್ಟೆಯೆಲ್ಲ ಕೊಟ್ಟುಬಿಟ್ಟಿದಾಳಂತೆ. ನಾನು ಸತ್ತೆ ಅಂತ ಅವಳಿಗೆ ಹೇಳಿದವರು ಯಾರಕ್ಕ?" ಎಂದು ನಕ್ಕ. ತುಂಬ ಬಡವಾಗಿದ್ದ.

"ಸ್ನಾನ ಮಾಡು ಹೋಗು. ಬಟ್ಟೆ ನಾನು ಕೊಡ್ತೀನಿ," ಎಂದಳು ಅಕ್ಕ.

ಮಾರನೆಯ ದಿನದ ಚಿತ್ರೀಕರಣಕ್ಕೆಂದು ಶರ್ಟುಗಳೆಲ್ಲ ಒಗೆದು, ಇಸ್ತ್ರಿಯಾಗಿ, ಒಳಕೋಣೆಯ ಕಂಬಿಯಲ್ಲಿ ಸಾಲಾಗಿ ತೂಗುತ್ತಿದ್ದವು. ಅವಳು ಒಂದೊಂದನ್ನೇ ಇಳಿಸಿ ಮಡಿಸಿ ಅವನ ಚೀಲಕ್ಕೆ ತುಂಬಿದಳು. ನೀಲಿ, ಹಸಿರು, ಕೆಂಪು ಗೆರೆ, ಬೂದು, ಹಳದಿ, ನೇರಳೆ, ಬಿಳಿ. ಕಂದು ಬಣ್ಣದ್ದನ್ನು ಮಾತ್ರ ಬಚ್ಚಲ ಬಾಗಿಲಿಗೆ ನೇತುಹಾಕಿದಳು. ಅದನ್ನು ಅವಳು ಮೂರು ನೀರಿನಲ್ಲಿ ಒಗೆದಿದ್ದಳು.

ಮಾವ ಊಟಕ್ಕೆ ಕೂತಿದ್ದರು. ಮೀನು ಹುರಿದಿತ್ತು. ತಮ್ಮ ತಲೆ ಒರೆಸಿಕೊಳ್ಳುತ್ತ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಕಂದು ಶರ್ಟು.

"ಚೆನ್ನಾಗಿದೀರಾ ಮಾವ? ಅಕ್ಕ ಶರ್ಟು ಕೊಟ್ಟಳು, ನಿಮ್ಮದಂತೆ. ಭುಜ ಸ್ವಲ್ಪ ಬಿಗಿ, ಪರವಾಗಿಲ್ಲ. ನಿಮ್ಮ ಉಪಕಾರ," ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಮನಸಾರೆ ಹೇಳಿದ.

ಮಾವನ ತುತ್ತು ಬಾಯಿಯ ಹತ್ತಿರ ಬಂದು ನಿಂತಿತು. ಆ ಕಾಲರನ್ನು ನೋಡಿದರು. ಕಾಲರಿನ ಮೇಲೆ ನಗುತ್ತಿದ್ದ ಮುಖವನ್ನು ನೋಡಲು ಹೋಗಿ ನೋಡಲಾರದೆ ಮತ್ತೆ ಕಾಲರನ್ನೇ ನೋಡಿದರು. ತುತ್ತು ತಟ್ಟೆಗೆ ವಾಪಸ್ ಹೋಯಿತು. ಅತ್ತೆ ಬಡಿಸುವ ಸೌಟನ್ನು ಕೆಳಗಿಟ್ಟು, ಮೊದಲ ಸಲ ಸೊಸೆಯ ಪಕ್ಕಕ್ಕೆ ಬಂದು ನಿಂತಳು.

ಮುಂದಿನ ಕೋಣೆಯಿಂದ ಗಂಡ ಕೂಗಿದ. "ಅಪ್ಪಾ, ಇವತ್ತು ಬಿಡುವಿದೆ, ಇವತ್ತೇ ಮುಗಿಸಿಬಿಡೋಣ. ಲೈಟು ಹಾಕಿದೀನಿ. ಮೊದಲು ಯಾವ ಶರ್ಟು?"

ಸೊಸೆ ತಮ್ಮನ ಮುಂದೆ ತಟ್ಟೆ ಇಟ್ಟಳು.

"ಅಪ್ಪಾ? ಯಾವುದು ತರಲಿ?"

"ಒಂದೂ ಇಲ್ಲ," ಎಂದು ಸೊಸೆ ಅಲ್ಲಿಂದಲೇ ಕೂಗಿದಳು. "ಎಲ್ಲಾ ಕೊಟ್ಟೆ. ಹೇಳಲೇಬೇಕು ಅಂದ್ರೆ ಬರೀ ಮೈಯಲ್ಲಿ ಕೂತು ಒಂದೇ ಒಂದು ಸಲ ಹೇಳ್ಲಿ. ಹೇಳಿದ್ದಕ್ಕೆ ನಿಂತ್ಕೊಳ್ಳಲಿ."

ತಮ್ಮ ಅಕ್ಕನನ್ನೂ ಮಾವನನ್ನೂ ಬೆಪ್ಪಾಗಿ ನೋಡಿದ. ಆಮೇಲೆ ಹಸಿವು ತಡೆಯದೆ ತಟ್ಟೆಯನ್ನು ಮುಂದೆ ಸರಿಸಿದ.

"ಅಕ್ಕಾ, ಅನ್ನ ಹಾಕ್ತೀಯಾ?"

ಅವಳು ಸೌಟು ತುಂಬ ಹಾಕಿದಳು. ಮೀನಿನ ತಲೆಯನ್ನೂ ಅವನ ತಟ್ಟೆಗೇ ಹಾಕಿದಳು.